ಹಬ್ಬದ ತಿಂಡಿ, ಮಕ್ಕಳು ಮತ್ತು ನಮ್ಮ ಭಯ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಸಂಕ್ರಾಂತಿಗೆ ಎಳ್ಳು ಬೀರಲು ಬಂದವರೆಲ್ಲ ನಮ್ಮ ಎರಡೂವರೆ ವರ್ಷದ ಮಗಳ ಕೈಗೂ ಪೊಟ್ಟಣ ಇಡುತ್ತಾರೆ. ‘ಎಳ್ಳು-ಬೆಲ್ಲ ತಿಂದರೆ ಏನೂ ಆಗಲ್ಲ’ ಅನ್ನುತ್ತಾರೆ ಅತ್ತೆ. ಕೊಡಬಹುದೇ?
– ಓದುಗರೊಬ್ಬರು, ಗೋಪಾಳ, ಶಿವಮೊಗ್ಗ

ಉತ್ತರ: ಎಳ್ಳು, ಬೆಲ್ಲದ ಪುಡಿ ಕೊಡಿ. ಇಡೀ ಶೇಂಗಾ, ಹುರಿಗಡಲೆ, ಕೊಬ್ಬರಿ ಚೂರು ಐದು ವರ್ಷ ತುಂಬುವವರೆಗೆ ಬೇಡ. ಈ ವಯಸ್ಸಿಗೆ ಹಲ್ಲು ಬಂದಿದ್ದರೂ ಗಟ್ಟಿ ಕಾಳನ್ನು ನುಣ್ಣಗೆ ಅರೆದು ನುಂಗುವುದು ಬಂದಿರುವುದಿಲ್ಲ. ನಗುವಾಗ, ಓಡುವಾಗ ಎಳೆದ ಉಸಿರಿನ ಜೊತೆ ಶೇಂಗಾ ಹೋಳು ಶ್ವಾಸನಾಳಕ್ಕೆ ಇಳಿಯುತ್ತದೆ. ಬಲಗಡೆಯ ಕವಲು ಅಗಲ, ನೇರ. ಹೆಚ್ಚಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೊದಲು ಜೋರು ಕೆಮ್ಮು, ಆಮೇಲೆ ಮಗು ಸುಮ್ಮನಾಗುತ್ತದೆ, ಮನೆಯವರೂ ಮರೆಯುತ್ತಾರೆ. ಕಾಳು ಒಳಗಿನ ತೇವಕ್ಕೆ ಉಬ್ಬಿ, ಕೆಲ ದಿನದಲ್ಲಿ ಉಬ್ಬಸ, ಜ್ವರ ಬಂದಾಗ ‘ಪುಷ್ಯದ ಚಳಿ’ ಅಂತ ಕಷಾಯ ಕುಡಿಸುತ್ತಾರೆ. ಶೇಂಗಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಹಬ್ಬದ ದಿನ ತಿನ್ನುವಾಗ ಕೆಮ್ಮಿತ್ತು ಎಂದು ನೀವೇ ವೈದ್ಯರಿಗೆ ಹೇಳಬೇಕು. ಅದನ್ನು ತೆಗೆಯಲು ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ಕೊಳವೆ ಇಳಿಸಿ ನೋಡುವ ವಿಧಾನ) ಬೇಕಾಗುತ್ತದೆ.

ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಅಳಲೂ ಆಗದಿದ್ದರೆ ಮುಂದಕ್ಕೆ ಬಾಗಿಸಿ, ಬೆನ್ನ ಮೇಲ್ಭಾಗದ ನಡುವೆ ಅಂಗೈ ಬುಡದಿಂದ 5 ಪೆಟ್ಟು ಹಾಕಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆಮೂಳೆಯ ಮೇಲೆ ಒತ್ತಬೇಕು. ವಸ್ತು ಕಣ್ಣಿಗೆ ಕಾಣದೆ ಬಾಯೊಳಗೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ಮಗಳ ಪಾಲಿಗೆ ಹೀಗೆ ಮಾಡಿ: ಹುರಿದು ಸಿಪ್ಪೆ ತೆಗೆದ ಶೇಂಗಾ ಒಂದು ಲೋಟ, ಹುರಿಗಡಲೆ, ಕೊಬ್ಬರಿ ಅರ್ಧರ್ಧ ಲೋಟ, ಎಳ್ಳು ಕಾಲು ಲೋಟ. ಮಿಕ್ಸಿಯನ್ನು ಬಿಟ್ಟುಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಣ ಪುಡಿ ಬಾಯಿಗೆ ಸುರಿದರೂ ನೆತ್ತಿಗೇರುತ್ತದೆ. ಆದ್ದರಿಂದ ಜೋನಿ ಬೆಲ್ಲದಲ್ಲಿ ಕದಡಿ ದೋಸೆಯ ಮೇಲೆ ತೆಳ್ಳಗೆ ಸವರಿ ಕೊಡಿ. ಶೇಂಗಾ, ಎಳ್ಳು ಮೊದಲ ಸಲವಾದರೆ ಚಿಟಿಕೆಯಷ್ಟೇ. ತುಟಿ ಊದಿದರೆ, ಉಸಿರು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಎಳ್ಳಮಾವಾಸ್ಯೆ ಜಾತ್ರೆಯ ಗುಲಾಬಿ ಬೊಂಬಾಯಿ ಮಿಠಾಯಿ, ಅಂಗಡಿಯ ಬಣ್ಣದ ಸಕ್ಕರೆ ಅಚ್ಚು ಸುರಕ್ಷಿತವೇ? ಮನೆಯಲ್ಲೇ ಪರೀಕ್ಷಿಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನೀರಿಗೆ ಹಾಕಿ ನೋಡುವ ಪರೀಕ್ಷೆ ನಂಬಬೇಡಿ. ಅನುಮತಿ ಇರುವ ಬಣ್ಣವೂ ನೀರಿನಲ್ಲಿ ಕರಗುತ್ತದೆ, ಇಲ್ಲದ್ದೂ ಕರಗುತ್ತದೆ. ಬಟ್ಟೆಗೆ ಹಾಕುವ ರೊಡಮೈನ್-ಬಿ ಸಿಕ್ಕಿದ್ದರಿಂದಲೇ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಣ್ಣದ ಬೊಂಬಾಯಿ ಮಿಠಾಯಿ ನಿಷೇಧಿಸಿತು. ಬಿಳಿಯದನ್ನೇ ಕೇಳಿ ಕೊಳ್ಳಿ. ಮಿಠಾಯಿಗೆ ಹಾಕಬಹುದಾದ ಕೃತಕ ಬಣ್ಣಕ್ಕೂ ಕಿಲೋಗೆ 100 ಮಿಲಿಗ್ರಾಂ ಮಿತಿಯಿದೆ. ಕಣ್ಣಳತೆಯಲ್ಲಿ ಬಣ್ಣ ಸುರಿಯುವಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಬಿಡಿ ಅಚ್ಚಿನಲ್ಲಿ ಬಿಳಿಯದೇ ಮೇಲು. ಪ್ಯಾಕೆಟ್ ಆದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ ನೋಡಿ.

ಮನೆಯಲ್ಲೇ ಅಚ್ಚು ಹೊಯ್ಯುವವರು ಬೀಟ್‌ರೂಟ್ ರಸ ಬಳಸಬಹುದು. ಕುದಿಯುವ ಪಾಕಕ್ಕೆ ಹಾಕಿದರೆ ಕಂದಾಗುತ್ತದೆ. ಒಲೆಯಿಂದಿಳಿಸಿ, ಪಾಕ ಬೆಳ್ಳಗೆ ಮಸುಕಾಗತೊಡಗಿದಾಗ ಹಾಕಿ. ಲೋಟ ಸಕ್ಕರೆಗೆ ಅರ್ಧ ಚಮಚ ಸಾಕು, ಹೆಚ್ಚಾದರೆ ಅಚ್ಚು ಗಟ್ಟಿಯಾಗುವುದಿಲ್ಲ.

ಪ್ರಶ್ನೆ: ಅಪರಿಚಿತರು ಮಕ್ಕಳಿಗೆ ಮಾದಕ ವಸ್ತು ಬೆರೆಸಿದ ಚಾಕೊಲೇಟ್ ಹಂಚುತ್ತಿದ್ದಾರೆಂದು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿದೆ. ನಿಜವೇ?
– ಓದುಗರೊಬ್ಬರು, ಸಾಗರ

ಉತ್ತರ: ಇದು ಹಳೆಯ ಭಯ. ಅಮೆರಿಕದಲ್ಲಿ ಹ್ಯಾಲೋವೀನ್ ಹಬ್ಬದ ದಿನ ಮಕ್ಕಳು ಮನೆಮನೆಗೆ ಹೋಗಿ ಕೇಳಿ ತರುವ ಮಿಠಾಯಿಯ ಬಗ್ಗೆ ಇದೇ ಸುದ್ದಿ ಪ್ರತಿವರ್ಷ ಏಳುತ್ತದೆ. ದಶಕಗಳ ವರದಿ ಜಾಲಾಡಿದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಅವರಿಗೆ, ಮನೆಮನೆಗೆ ಹೋದ ಮಗು ಅಪರಿಚಿತರ ವಿಷಮಿಠಾಯಿಯಿಂದ ಸತ್ತ ಒಂದು ಪ್ರಕರಣವೂ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸ್‌ನಲ್ಲಿ ಸೈನೈಡ್ ಹಾಕಿದ ಮಿಠಾಯಿ ತಿಂದು ಸತ್ತ ಹುಡುಗನಿಗೆ ಅದನ್ನು ಕೊಟ್ಟವನು ಸ್ವಂತ ತಂದೆ.

ನಮ್ಮಲ್ಲಿ ವದಂತಿಯೇ ಜೀವ ತೆಗೆದಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ಗುಂಪು ಬಡಿದು, ಒಬ್ಬ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ದಯವಿಟ್ಟು ಆ ಸಂದೇಶ ಮುಂದಕ್ಕೆ ಕಳಿಸಬೇಡಿ. ಯಾರೇ ಕೊಟ್ಟರೂ ಮನೆಗೆ ತಂದು ತೋರಿಸಿ ತಿನ್ನುವ ರೂಢಿ ಮಾಡಿಸಿ. ಹೊದಿಕೆ ಹರಿದಿದ್ದರೆ, ದಿನಾಂಕ ಮೀರಿದ್ದರೆ ಎಸೆಯಿರಿ. ನಿಜವಾಗಿ ಅನುಮಾನ ಬಂದರೆ ಹೊದಿಕೆ ಸಮೇತ ಎತ್ತಿಟ್ಟು ಪೊಲೀಸರ 112ಕ್ಕೆ ತಿಳಿಸಿ.