ಡೈಸ್ ಸ್ಕೋರ್ 0.96 ಇದ್ದರೂ ಮಾಡೆಲ್ ಅರ್ಧ ಶ್ವಾಸಕೋಶವನ್ನೇ ಬಿಟ್ಟುಬಿಡುತ್ತಿದೆ, ಯಾಕೆ?

ಎದೆಯ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಗೆರೆ ಎಳೆಯಲು ಯು-ನೆಟ್ (ಚಿತ್ರದಲ್ಲಿ ಬೇಕಾದ ಭಾಗವನ್ನು ಗುರುತಿಸುವ ನ್ಯೂರಲ್ ನೆಟ್‌ವರ್ಕ್) ಟ್ರೈನ್ ಮಾಡಿದ್ದೀರಿ, ಟೆಸ್ಟ್‌ನಲ್ಲಿ ಡೈಸ್ ಸ್ಕೋರ್ (ಮಾಡೆಲ್ ಗುರುತಿಸಿದ ಜಾಗ ನಿಜವಾದ ಜಾಗಕ್ಕೆ ಎಷ್ಟು ಹೊಂದುತ್ತದೆ ಎಂಬ ಅಳತೆ, 1 ಬಂದರೆ ಪೂರ್ತಿ ಹೊಂದಿದಂತೆ) 0.96 ಬಂತು, ಆದರೆ ಕಾಯಿಲೆ ಇರುವವರ ಎಕ್ಸ್‌ರೇ ಕೊಟ್ಟರೆ ಒಂದು ಕಡೆ ಅರ್ಧಕ್ಕೇ ನಿಂತುಬಿಡುತ್ತದೆ. ಇನ್ನೂ ದೊಡ್ಡ ಮಾಡೆಲ್ ಹಾಕಲಾ ಎಂದು ಕೇಳಿದ್ದೀರಿ. ಬೇಡ. 2015ರ ಆ ಯು-ನೆಟ್ಟೇ ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಮೊದಲು ಒಂದು ಸಣ್ಣ ಚೆಕ್. ಡೈಕಾಮ್ ಫೈಲ್‌ನಲ್ಲಿ (ಆಸ್ಪತ್ರೆಗಳು ಎಕ್ಸ್‌ರೇ ಉಳಿಸುವ ಫೈಲ್) 'ಮೊನೊಕ್ರೋಮ್1' ಎಂದಿದ್ದರೆ ಕಪ್ಪು-ಬಿಳುಪು ಉಲ್ಟಾ ಇರುತ್ತದೆ. ಅದನ್ನು ತಿರುಗಿಸದೆ ಕೊಟ್ಟರೆ ಯಾವ ಮಾಡೆಲ್ ಆದರೂ ಎಡವುತ್ತದೆ.

ಅದು ಸರಿಯಿದ್ದರೆ, ನನ್ನ ಅಂದಾಜು ಇದು: ನಿಮ್ಮ ಮಾಡೆಲ್ ಕಪ್ಪಗಿರುವ ಜಾಗ ಹುಡುಕುವುದನ್ನು ಕಲಿತಿದೆ, ಅಷ್ಟೇ. ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ ಕಾಣುತ್ತದೆ. ನ್ಯುಮೋನಿಯಾ ಬಂದರೆ ಗಾಳಿ ಇದ್ದ ಕಡೆ ದ್ರವ ಸೇರಿ ಆ ಭಾಗ ಬೆಳ್ಳಗಾಗುತ್ತದೆ. ಪಕ್ಕದ ಹೃದಯವೂ ಬಿಳಿ, ಕೆಳಗಿನ ವಪೆಯೂ ಬಿಳಿ. ಮಾಡೆಲ್ ಅದನ್ನೂ ಅವುಗಳ ಜೊತೆಗೇ ಸೇರಿಸಿ ಹೊರಗಿಡುತ್ತದೆ. ಎಡಗಡೆ ವಪೆಯ ಕೆಳಗೆ ಹೊಟ್ಟೆಯ ಗಾಳಿ ಕಪ್ಪಗೆ ಕಂಡರೆ ಅದಕ್ಕೂ ಮಾಸ್ಕ್ (ಇದು ಶ್ವಾಸಕೋಶ ಎಂಬ ಗುರುತು) ಬಳಿದಿದೆಯಾ ನೋಡಿ. ಬಳಿದಿದ್ದರೆ ಅನುಮಾನವೇ ಬೇಡ.

ಇದಕ್ಕೆ ಕಾರಣ ಡೇಟಾ. ಇಂಥ ಟ್ರೈನಿಂಗ್‌ಗೆ ಸಾಮಾನ್ಯವಾಗಿ ಬಳಸುವ ಎರಡು ಎಕ್ಸ್‌ರೇ ಸಂಗ್ರಹಗಳನ್ನೇ ನೋಡಿ, ಜೆಎಸ್‌ಆರ್‌ಟಿ ಮತ್ತು ಮಾಂಟ್ಗೊಮರಿ. ಜೆಎಸ್‌ಆರ್‌ಟಿಯ 247 ಚಿತ್ರಗಳಲ್ಲಿ 154ರಲ್ಲಿ ಗಂಟು ಇದೆ ನಿಜ, ಆದರೆ ಗಂಟು ಅಂಚನ್ನು ಅಳಿಸುವುದಿಲ್ಲ. ಮಾಂಟ್ಗೊಮರಿಯ 138ರಲ್ಲಿ ಟಿಬಿ ಇರುವವು 58 ಮಾತ್ರ. ಇಡೀ ಒಂದು ಬದಿ ಬೆಳ್ಳಗಾದ ಎಕ್ಸ್‌ರೇಯನ್ನು ನಿಮ್ಮ ಮಾಡೆಲ್ ಕಂಡಿರುವುದೇ ಕಡಿಮೆ, ಅಲ್ವಾ?

ಇನ್ನು ಆ 0.96. ಅದನ್ನು ಜಾಸ್ತಿ ನಂಬಬೇಡಿ. 256×256 ಚಿತ್ರದಲ್ಲಿ ಎರಡೂ ಶ್ವಾಸಕೋಶ ಸೇರಿ 16,000 ಪಿಕ್ಸೆಲ್ ಇದೆ ಅಂದುಕೊಳ್ಳಿ. ಪಕ್ಕೆಲುಬಿಗೆ ವಪೆ ತಾಗುವ ಚೂಪು ಮೂಲೆಯಲ್ಲಿ 300 ಪಿಕ್ಸೆಲ್ ಬಿಟ್ಟುಹೋದರೂ ಸ್ಕೋರ್ 0.99 ಬರುತ್ತದೆ! ಎದೆಯಲ್ಲಿ ನೀರು ತುಂಬಿದೆಯಾ ಎಂದು ಡಾಕ್ಟರು ಮೊದಲು ನೋಡುವುದೇ ಆ ಮೂಲೆಯನ್ನು. ಸುಮಾರು 200 ಮಿ.ಲೀ. ನೀರು ಸೇರಿದರೆ ಸಾಕು, ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ ಅದರ ಚೂಪು ಹೋಗುತ್ತದೆ. ಹಾಗಾಗಿ ಸರಾಸರಿ ಬಿಟ್ಟು ಅತಿ ಕಡಿಮೆ ಸ್ಕೋರ್ ಬಂದ ಚಿತ್ರಗಳನ್ನು ಒಂದೊಂದಾಗಿ ತೆಗೆದು ನೋಡಿ. ಅಂಚು ಎಷ್ಟು ದೂರ ಸರಿದಿದೆ ಎಂದು ಹೇಳುವ ಹೌಸ್‌ಡಾರ್ಫ್ ದೂರವನ್ನೂ ಅಳೆಯಿರಿ.

ರಿಪೇರಿಗೆ ಅಗ್ಗದ ದಾರಿ ಒಂದಿದೆ. ಟ್ರೈನಿಂಗ್ ಚಿತ್ರಗಳಲ್ಲಿ ಶ್ವಾಸಕೋಶದ ಮೇಲೆ ಮಸುಕಾದ ಬಿಳಿ ಮಚ್ಚೆ ಬಳಿಯಿರಿ, ಮಾಸ್ಕ್ ಮಾತ್ರ ಮುಟ್ಟಬೇಡಿ. ಆಗ ಬೆಳ್ಳಗಿದ್ದರೂ ಇದು ಒಳಗಿನದ್ದೇ ಎಂದು ಆಕಾರ ನೋಡಿ ಊಹಿಸುವುದನ್ನು ಮಾಡೆಲ್ ಕಲಿಯುತ್ತದೆ. ನಿಜವಾದ ಕಾಯಿಲೆಯ ಚಿತ್ರಗಳಿಗೆ ರೇಡಿಯಾಲಜಿಸ್ಟ್ ಎಳೆದ ಗೆರೆ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಹೃದಯದ ಹಿಂದಿರುವ ಭಾಗವನ್ನು ಸೇರಿಸಬೇಕೋ ಬಿಡಬೇಕೋ ಎಂದು ಮೊದಲೇ ಅವರ ಜೊತೆ ಮಾತಾಡಿಕೊಳ್ಳಿ. ಜೆಎಸ್‌ಆರ್‌ಟಿಗೆ ಎಲ್ಲರೂ ಬಳಸುವ ಮಾಸ್ಕ್‌ಗಳಲ್ಲಿ ಅದನ್ನು ಬಿಟ್ಟಿದ್ದಾರೆ. ಎರಡು ಥರದ್ದೂ ಬೆರೆತರೆ ಕೆಲಸ ಕೆಡುತ್ತದೆ.

ಕೊನೆಯಲ್ಲಿ 'ದೊಡ್ಡ ಎರಡು ತುಂಡು ಇಟ್ಟುಕೊಂಡು ಉಳಿದದ್ದು ಅಳಿಸು' ಎಂಬ ಕೋಡ್ ಹಾಕಿದ್ದೀರಾ? ಬಿಳಿ ಪಟ್ಟಿ ಒಂದು ಶ್ವಾಸಕೋಶವನ್ನು ಎರಡಾಗಿ ಸೀಳಿದ್ದರೆ ಅದು ಒಳ್ಳೆಯ ತುಂಡನ್ನೇ ಎಸೆಯುತ್ತದೆ. ಮಾಸ್ಕ್ ಬೇಕಿರುವುದು ಟಿಬಿ ಹುಡುಕುವ ಇನ್ನೊಂದು ಮಾಡೆಲ್‌ಗೆ ಚಿತ್ರ ಕತ್ತರಿಸಿ ಕೊಡಲು ಅಂತಾದರೆ, ಅಂಚಿನ ಗುಂಟ ಕತ್ತರಿಸಲೇಬೇಡಿ. ಸುತ್ತ ಸ್ವಲ್ಪ ಜಾಗ ಬಿಟ್ಟು ಚೌಕಾಕಾರವಾಗಿ ಕತ್ತರಿಸಿ ಕೊಡಿ.