ವಲಸೆ ಕಥೆಯ ಚಿತ್ರಪುಸ್ತಕಗಳನ್ನು ಮೊದಲು ಟೀಚರ್‌ಗಳೇ ಓದಲಿ

ಪ್ರಾಥಮಿಕ ಶಾಲೆಯ ಟೀಚರ್‌ಗಳಿಗೆ ಸಾಮಾಜಿಕ-ಭಾವನಾತ್ಮಕ ಕಲಿಕೆಯ ತರಬೇತಿ ಕೊಡಬೇಕು, ಅದಕ್ಕೆ ಬೇರೆ ದೇಶಕ್ಕೆ ವಲಸೆ ಹೋದವರ ಕಥೆಯಿರುವ ಚಿತ್ರಪುಸ್ತಕಗಳನ್ನು ಬಳಸಬೇಕು ಅಂತಿದ್ದೀರಿ. ಎಲ್ಲಿಂದ ಶುರು ಮಾಡಲಿ, ಎಷ್ಟು ಪುಸ್ತಕ ಬೇಕು ಅಂತ ಕೇಳಿದ್ದೀರಿ. ನಾನು ಇಂಥ ತರಬೇತಿ ನಡೆಸುತ್ತೇನೆ, ಹಾಗಾಗಿ ನೇರವಾಗಿ ಹೇಳುತ್ತೇನೆ. ಮಕ್ಕಳ ವಿಷಯ ಆಮೇಲೆ. ಮೊದಲು ಟೀಚರ್‌ಗಳೇ ಕೂತು ಓದಲಿ, ಪಾಠ ಮಾಡುವವರಾಗಿ ಅಲ್ಲ, ಸುಮ್ನೆ ಓದುಗರಾಗಿ.

ಜಾಸ್ತಿ ಕಡೆ ತರಬೇತಿ ಶುರುವಾಗುವುದು ಸ್ಲೈಡ್‌ಗಳಿಂದ. ಈ ಕಲಿಕೆಯನ್ನು ಶಾಲೆಗಳಿಗೆ ತರಲು 1994ರಲ್ಲಿ ಅಮೆರಿಕದಲ್ಲಿ ಶುರುವಾದ ಕ್ಯಾಸೆಲ್ ಸಂಸ್ಥೆ ಹೇಳುವ ಐದು ಸಾಮರ್ಥ್ಯಗಳಿವೆ: ತನ್ನ ಮನಸ್ಸನ್ನು ತಾನು ಅರಿಯುವುದು, ಅದನ್ನು ನಿಭಾಯಿಸುವುದು, ಬೇರೆಯವರನ್ನು ಅರ್ಥ ಮಾಡಿಕೊಳ್ಳುವುದು, ಸಂಬಂಧ ಉಳಿಸಿಕೊಳ್ಳುವುದು, ಯೋಚಿಸಿ ನಿರ್ಧಾರ ಮಾಡುವುದು. ಇವು ಗೊತ್ತಿರಬೇಕು, ಆದರೆ ಅರ್ಧ ಗಂಟೆ ಸಾಕು.

ಉಳಿದ ಹೊತ್ತು ಪುಸ್ತಕಕ್ಕೆ ಕೊಡಿ. ನಾನು ಮೊದಲು ಕೈಗೆ ಕೊಡುವುದು ಆಸ್ಟ್ರೇಲಿಯಾದ ಚಿತ್ರಕಲಾವಿದ ಶಾನ್ ಟಾನ್ ಅವರ 'ದಿ ಅರೈವಲ್' (2006). ಇಡೀ ಕಥೆ ಚಿತ್ರದಲ್ಲೇ ಇದೆ, ಮಾತಿಲ್ಲ. ಹೆಂಡತಿ ಮಗಳನ್ನು ಬಿಟ್ಟು ಒಬ್ಬ ಮನುಷ್ಯ ದೂರದ ನಗರಕ್ಕೆ ಹೋಗುತ್ತಾನೆ. ಅಲ್ಲಿನ ಬೋರ್ಡುಗಳ ಲಿಪಿ ಕಲಾವಿದರೇ ಕಲ್ಪಿಸಿದ್ದು, ಅದು ಅವನಿಗೂ ಓದಲು ಬರುವುದಿಲ್ಲ, ನಮಗೂ ಬರುವುದಿಲ್ಲ. ಪ್ರಾಣಿಗಳು ವಿಚಿತ್ರ, ಊಟ ವಿಚಿತ್ರ. ಇಷ್ಟು ವರ್ಷ ಬೇರೆಯವರಿಗೆ ಅಕ್ಷರ ಕಲಿಸಿದವರು ಓದಲಾಗದ ಬೋರ್ಡಿನ ಮುಂದೆ ನಿಂತಾಗ, ಭಾಷೆ ಬಾರದೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ಮಗು ದಡ್ಡ ಅಲ್ಲ ಅನ್ನುವುದು ಅವರಿಗೇ ಹೊಳೆಯುತ್ತದೆ, ನಾವು ಭಾಷಣ ಮಾಡಬೇಕಾಗುವುದಿಲ್ಲ. ನನ್ನ ಪ್ರಕಾರ ಇಡೀ ತರಬೇತಿಯ ಮುಖ್ಯ ಕೆಲಸ ಇದೇ.

ಆಮೇಲೆ ಪ್ರಶ್ನೆ ಕೇಳುವ ಅಭ್ಯಾಸ. ಮ್ಯೂಸಿಯಂಗಳಲ್ಲಿ ಚಿತ್ರ ನೋಡುವುದನ್ನು ಕಲಿಸಲು ಅಬಿಗೇಲ್ ಹೌಸೆನ್ ಮತ್ತು ಫಿಲಿಪ್ ಯೆನವೈನ್ ರೂಪಿಸಿದ ಮೂರು ಪ್ರಶ್ನೆಗಳು ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಈ ಚಿತ್ರದಲ್ಲಿ ಏನು ನಡೀತಿದೆ? ಏನು ನೋಡಿ ಹಾಗೆ ಹೇಳಿದೆ? ಇನ್ನೇನು ಕಾಣುತ್ತದೆ? ಎರಡನೆಯದೇ ಮುಖ್ಯ. "ಅವಳಿಗೆ ಬೇಜಾರಾಗಿದೆ" ಅಂತ ಯಾವ ಮಗುವಾದರೂ ಹೇಳಿಬಿಡುತ್ತದೆ, ಆದರೆ ಅವಳ ಭುಜ, ಕೈ, ಅವಳು ನಿಂತಿರುವ ಜಾಗ ತೋರಿಸಿ ಹೇಳಬೇಕಾದಾಗ ಬೇರೆಯವರ ಮನಸ್ಸನ್ನು ಗಮನಿಸುವ ಕೆಲಸ ನಿಜವಾಗಿ ಶುರುವಾಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಕಾಯಬೇಕು ಕೂಡ. ಟೀಚರ್‌ಗಳು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ, ಮಾತಾಡದ ಮಕ್ಕಳೂ ಮಾತಾಡುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಇದನ್ನು ಕೇಳಿ ತಿಳಿದರೆ ಸಾಲದು. ಜೋಡಿಗಳಾಗಿ ಕೂತು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಸಮಯ ನೋಡಲಿ.

ಒಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ತರಗತಿಯಲ್ಲಿರುವ ವಲಸೆ ಮಗುವಿನ ಕಡೆ ತಿರುಗಿ "ನಿನಗೂ ಹೀಗೇ ಆಗಿತ್ತಾ?" ಅಂತ ಕೇಳಲೇಬಾರದು. ಎಷ್ಟೇ ಪ್ರೀತಿಯಿಂದ ಕೇಳಿದರೂ ಅಷ್ಟೇ. ಆ ಮಗು ಏನನ್ನು ದಾಟಿ ಬಂದಿದೆಯೋ ನಮಗೆ ಗೊತ್ತಿಲ್ಲ, ಎಲ್ಲರ ಮುಂದೆ ಹೇಳುವ ಹಂಗು ಅದಕ್ಕಿಲ್ಲ. ಪ್ರಶ್ನೆ ಪುಸ್ತಕದ ಪಾತ್ರದ ಬಗ್ಗೆಯೇ ಇರಲಿ. ಮಗು ತಾನಾಗೇ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ಕಷ್ಟದ ಮಾತು ಹೊರಬಂದರೆ ಯಾರಿಗೆ ತಿಳಿಸಬೇಕು ಅನ್ನುವುದು ತರಬೇತಿ ಮುಗಿಯುವ ಮೊದಲೇ ಎಲ್ಲರಿಗೂ ಗೊತ್ತಿರಬೇಕು. ಟೀಚರ್ ಆಪ್ತಸಲಹೆಗಾರರಲ್ಲ.

ಪುಸ್ತಕ ಆಯ್ಕೆಗೆ ಬಂದರೆ, ಮಕ್ಕಳ ಸಾಹಿತ್ಯದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಹೇಳಿದ್ದನ್ನು ಟೀಚರ್‌ಗಳಿಗೆ ಹೇಳಿ: ಪುಸ್ತಕ ಒಬ್ಬರಿಗೆ ತಮ್ಮ ಬದುಕನ್ನೇ ಕಾಣುವ ಕನ್ನಡಿ, ಇನ್ನೊಬ್ಬರಿಗೆ ಬೇರೆಯವರ ಬದುಕನ್ನು ನೋಡುವ ಕಿಟಕಿ. ಹೊಸದಾಗಿ ಬಂದ ಮಗು ಕಥೆಯುದ್ದಕ್ಕೂ ಅಳುತ್ತಲೇ ಇದ್ದು, ಸ್ಥಳೀಯ ಮಗು ಬಂದು ಕೈ ಹಿಡಿದು ಉದ್ಧಾರ ಮಾಡುವ ಪುಸ್ತಕಗಳು ಬೇಕಾದಷ್ಟಿವೆ, ಅವು ಕಲಿಸುವುದು ಅಯ್ಯೋ ಪಾಪ ಅನ್ನುವುದನ್ನು ಮಾತ್ರ. ಯಾಂಗ್‌ಸೂಕ್ ಚೋಯ್ ಅವರ 'ದಿ ನೇಮ್ ಜಾರ್' (2001) ಹಾಗಲ್ಲ. ಕೊರಿಯಾದಿಂದ ಬಂದ ಹುಡುಗಿಗೆ ಸಹಪಾಠಿಗಳು ಹೊಸ ಹೆಸರುಗಳನ್ನು ಬರೆದು ಜಾಡಿಗೆ ಹಾಕುತ್ತಾರೆ, ಕೊನೆಗೆ ಅವಳೇ ತನ್ನ ಹೆಸರನ್ನು ಉಳಿಸಿಕೊಳ್ಳುತ್ತಾಳೆ. ಓದಿದ ಮೇಲೆ ಟೀಚರ್‌ಗಳಿಗೆ ಒಂದು ಕೆಲಸ ಕೊಡಿ: ನಾಳೆ ತರಗತಿಯಲ್ಲಿ ಪ್ರತಿ ಮಗುವಿನ ಹೆಸರನ್ನೂ ಆ ಮಗು ಹೇಳುವ ಹಾಗೇ ಹೇಳುವುದನ್ನು ಕಲಿಯಿರಿ ಅಂತ.

ಒಂದೇ ದಿನದಲ್ಲಿ ಮುಗಿಸಬೇಡಿ. ಕೆಲವು ವಾರ ಬಿಟ್ಟು ಮತ್ತೆ ಸೇರಿಸಿ, ಬರುವಾಗ ತರಗತಿಯ ಮಕ್ಕಳು ಆಡಿದ ಮಾತುಗಳನ್ನು ಹೆಸರಿಲ್ಲದೆ ಬರೆದು ತರಲು ಹೇಳಿ. ಪುಸ್ತಕ ಮೂರು ನಾಲ್ಕು ಸಾಕು, ಆದರೆ ಇಬ್ಬರಿಗೊಂದು ಪ್ರತಿ ಇರಲಿ. ಪ್ರೊಜೆಕ್ಟರ್‌ನಲ್ಲಿ ತೋರಿಸಿದರೆ ಪುಟ ತಿರುಗಿಸುವುದು ನಿಮ್ಮ ಕೈಲಿ ಉಳಿಯುತ್ತದೆ, ಆದರೆ ಯಾವ ಪುಟದಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನು ಟೀಚರ್‌ಗಳೇ ನಿರ್ಧರಿಸಬೇಕು, ಅಲ್ವಾ?