ಬ್ಯಾಂಕುಗಳನ್ನು ಬೀಳಲು ಬಿಟ್ಟ ಸರ್ಕಾರ

(1930ರ ದಶಕದ ಅಮೆರಿಕದ ಆರ್ಥಿಕ ಮಹಾಕುಸಿತದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಕುಂದಾಪುರದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಹೀಗೆ ಬರೆದಿದ್ದಾರೆ: ‘ಷೇರುಪೇಟೆಯಲ್ಲಿ ಜೂಜಾಡಿದವರು ಕೈ ಸುಟ್ಟುಕೊಂಡರು. ಸರ್ಕಾರ ಸುಮ್ಮನಿದ್ದಿದ್ದರೆ ಎಲ್ಲ ತಾನಾಗಿಯೇ ಸರಿಹೋಗುತ್ತಿತ್ತು. ರೂಸ್‌ವೆಲ್ಟ್ ಕೈಹಾಕಿ ಅದನ್ನು ಎಳೆದಾಡಿದರು, ಕೊನೆಗೆ ಮಹಾಯುದ್ಧವೇ ಬರಬೇಕಾಯಿತು. ಇದನ್ನೇಕೆ ನೀವು ಹೇಳಲಿಲ್ಲ?’ ತಮ್ಮ ನಿವೃತ್ತಿಯ ಹಣ ಒಂದು ಬ್ಯಾಂಕಿನಲ್ಲೂ ಒಂದು ಸೌಹಾರ್ದ ಪತ್ತಿನ ಸಹಕಾರಿಯಲ್ಲೂ ಇದೆ, ಅಂಥ ಕಾಲ ಬಂದರೆ ಅದಕ್ಕೆ ಏನು ಭದ್ರತೆ ಎಂದೂ ಕೇಳಿದ್ದಾರೆ.)

ಮಾನ್ಯರೇ,

ನಿಮ್ಮ ಕೊನೆಯ ಪ್ರಶ್ನೆಗೂ ಮೊದಲ ವಾದಕ್ಕೂ ನೀವು ಅಂದುಕೊಂಡದ್ದಕ್ಕಿಂತ ಹತ್ತಿರದ ನಂಟಿದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

1929ರ ಅಕ್ಟೋಬರ್ 24 ಮತ್ತು 29ರಂದು ನ್ಯೂಯಾರ್ಕ್ ಷೇರುಪೇಟೆ ಮುರಿದುಬಿದ್ದದ್ದು ನಿಜ. ಸೆಪ್ಟೆಂಬರಿನಲ್ಲಿ 381ರಲ್ಲಿದ್ದ ಡೌ ಜೋನ್ಸ್ ಸೂಚ್ಯಂಕ 1932ರ ಜುಲೈ ಹೊತ್ತಿಗೆ 41ಕ್ಕೆ ಇಳಿದಿತ್ತು. ಆದರೆ ಆಗಿನ ಅಮೆರಿಕದಲ್ಲಿ ಷೇರು ಇಟ್ಟುಕೊಂಡವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. 1933ರಲ್ಲಿ ಕೆಲಸವಿಲ್ಲದೆ ಕೂತವರೋ ನಾಲ್ವರಲ್ಲಿ ಒಬ್ಬರು. ಜೂಜಾಡದವರ ಮನೆಯ ಒಲೆ ಯಾಕೆ ಆರಿತು ಎನ್ನುವುದಕ್ಕೆ ಷೇರುಪೇಟೆಯಲ್ಲಿ ಉತ್ತರ ಸಿಗುವುದಿಲ್ಲ. ಬ್ಯಾಂಕಿನ ಬಾಗಿಲಿಗೆ ಹೋಗಬೇಕು.

1930ರ ಡಿಸೆಂಬರ್ 10ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಬ್ಬ ವ್ಯಾಪಾರಿ ‘ಬ್ಯಾಂಕ್ ಆಫ್ ಯುನೈಟೆಡ್ ಸ್ಟೇಟ್ಸ್’ನ ಶಾಖೆಗೆ ಹೋಗಿ, ತನ್ನ ಬಳಿಯಿದ್ದ ಅದೇ ಬ್ಯಾಂಕಿನ ಷೇರನ್ನು ಮಾರಿಕೊಡಿ ಎಂದು ಕೇಳಿದ. ಈಗ ಮಾರಬೇಡಿ ಎಂದು ಅಲ್ಲಿನವರು ಬುದ್ಧಿ ಹೇಳಿ ಕಳಿಸಿದರು. ಆತ ಹೊರಗೆ ಬಂದು, ಬ್ಯಾಂಕಿನವರು ಷೇರು ತೆಗೆದುಕೊಳ್ಳಲೇ ಒಪ್ಪಲಿಲ್ಲ ಎಂದು ಸಾರಿಬಿಟ್ಟ. ಮಧ್ಯಾಹ್ನದೊಳಗೆ ಶಾಖೆಯ ಮುಂದೆ ಸಾವಿರಾರು ಜನ. ಮರುದಿನ ಬ್ಯಾಂಕು ಬಾಗಿಲು ತೆರೆಯಲಿಲ್ಲ. ಹೆಸರು ಸರ್ಕಾರದ್ದರಂತೆ ಕೇಳಿಸಿದರೂ ಅದು ಖಾಸಗಿ ಬ್ಯಾಂಕು. ಸುಮಾರು 4 ಲಕ್ಷ ಠೇವಣಿದಾರರಲ್ಲಿ ಬಹಳ ಮಂದಿ ಯೂರೋಪಿನಿಂದ ವಲಸೆ ಬಂದ ಯಹೂದಿಗಳು, ಬಟ್ಟೆ ಹೊಲಿಯುವವರು, ಸಣ್ಣ ಅಂಗಡಿಯವರು. ನಗರದ ದೊಡ್ಡ ಬ್ಯಾಂಕುಗಳು ಸೇರಿ ಇದನ್ನು ಉಳಿಸುವ ಮಾತಾಡಿದವು, ಕೊನೆಗೆ ಕೈಚೆಲ್ಲಿದವು. ಇಂಥ ಹೊತ್ತಿಗೆಂದೇ 1913ರಲ್ಲಿ ಹುಟ್ಟಿದ್ದ, ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಕೂಡ ಅದನ್ನು ಉಳಿಸಲಿಲ್ಲ.

1930ರಿಂದ 1933ರವರೆಗೆ ಸುಮಾರು 9,000 ಬ್ಯಾಂಕುಗಳು ಮುಳುಗಿದವು. ಬಹುಪಾಲು ಒಂದೇ ಊರಿನ, ಒಂದೇ ಶಾಖೆಯ ಬ್ಯಾಂಕುಗಳು. ಮುಳುಗದೆ ಉಳಿದವು ಹೆದರಿ ನಗದನ್ನು ಭದ್ರವಾಗಿ ಇಟ್ಟುಕೊಂಡವು, ಹೊಸ ಸಾಲ ನಿಲ್ಲಿಸಿದವು, ಹಳೆಯದನ್ನು ವಸೂಲಿಗೆ ಹಚ್ಚಿದವು. ದೇಶದ ಒಟ್ಟು ಹಣದ ಚಲಾವಣೆ ಮೂರರಲ್ಲಿ ಒಂದು ಪಾಲು ಕುಗ್ಗಿತು. ಹಣವೇ ಕಡಿಮೆಯಾದಾಗ ಬೆಲೆಗಳೂ ಇಳಿದವು. ಬೆಲೆ ಇಳಿದರೆ ಒಳ್ಳೆಯದಲ್ಲವೇ ಎನಿಸಬಹುದು. ಸಾಲ ಮಾಡಿದ ರೈತನ ಲೆಕ್ಕ ನೋಡಿ. 1929ರಲ್ಲಿ ಒಂದು ಬುಶೆಲ್, ಅಂದರೆ ಸುಮಾರು 27 ಕಿಲೋ ಗೋಧಿಗೆ ಹೆಚ್ಚುಕಡಿಮೆ 1 ಡಾಲರ್ ಸಿಗುತ್ತಿತ್ತು. 1,000 ಡಾಲರ್ ಸಾಲ ತೀರಿಸಲು 1,000 ಬುಶೆಲ್ ಸಾಕು. 1932ರಲ್ಲಿ ಅದೇ ಗೋಧಿಗೆ ಸುಮಾರು 38 ಸೆಂಟ್. ಸಾಲದ ಚೀಟಿಯಲ್ಲಿ ಮಾತ್ರ ಒಂದು ಅಕ್ಷರವೂ ಬದಲಾಗಿರಲಿಲ್ಲ, ಆದರೆ ಈಗ ಬೇಕಾದದ್ದು 2,600 ಬುಶೆಲ್‌ಗೂ ಹೆಚ್ಚು. ಅಷ್ಟು ಬೆಳೆಯುವ ಹೊಲ ಅವನಲ್ಲಿ ಎಲ್ಲಿತ್ತು? ಅಯೋವಾ, ನೆಬ್ರಾಸ್ಕಾ ಕಡೆ ಜಮೀನು, ದನ, ನೇಗಿಲು ಹರಾಜಿಗೆ ಬಂದವು. ನೆರೆಹೊರೆಯವರು ಗುಂಪಾಗಿ ಬಂದು ಹೊರಗಿನವರು ಬಾಯಿ ತೆರೆಯದಂತೆ ನಿಂತು, ಕೆಲವೇ ಸೆಂಟ್‌ಗಳಿಗೆ ಕೂಗಿ, ಕೊಂಡದ್ದನ್ನೆಲ್ಲ ಅದೇ ಮನೆಯವನಿಗೆ ಹಿಂದಿರುಗಿಸುತ್ತಿದ್ದರು. ಇವರು ಯಾವ ಜೂಜೂ ಆಡಿದವರಲ್ಲ, ಮಾನ್ಯರೇ.

‘ಸರ್ಕಾರ ಸುಮ್ಮನಿದ್ದಿದ್ದರೆ’ ಎಂಬ ನಿಮ್ಮ ಮಾತನ್ನು ಆಗಿನ ಖಜಾನೆ ಕಾರ್ಯದರ್ಶಿ ಆಂಡ್ರ್ಯೂ ಮೆಲನ್ ಅಧ್ಯಕ್ಷ ಹೂವರ್‌ಗೆ ಹೇಳಿದ್ದರು. ಕೂಲಿ, ಷೇರು, ರೈತ, ಆಸ್ತಿ ಎಲ್ಲವೂ ಕರಗಿಹೋಗಲಿ, ವ್ಯವಸ್ಥೆಯ ಕೊಳೆ ತೊಳೆದುಹೋಗುತ್ತದೆ ಎಂಬುದು ಅವರ ಸಲಹೆಯಾಗಿತ್ತೆಂದು ಹೂವರ್ ಮುಂದೆ ಬರೆದಿದ್ದಾರೆ. ಹೂವರ್ ಪೂರ್ತಿ ಸುಮ್ಮನಿರಲಿಲ್ಲ. ಕೂಲಿ ಇಳಿಸಬೇಡಿ ಎಂದು ಉದ್ಯಮಿಗಳನ್ನು ಕರೆದು ಕೇಳಿದರು, ಅಣೆಕಟ್ಟು ಕಟ್ಟಿಸಿದರು, 1932ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸಾಲ ಕೊಡುವ ಸಂಸ್ಥೆಯೊಂದನ್ನು ತೆರೆದರು. ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಬೇಡವೆಂದರೂ 1930ರ ಜೂನ್‌ನಲ್ಲಿ ಆಮದು ಸುಂಕ ಏರಿಸುವ ಕಾಯ್ದೆಗೆ ಸಹಿ ಹಾಕಿದವರೂ ಅವರೇ.

ನನ್ನನ್ನು ಇಂದಿಗೂ ಕಾಡುವುದು 1931ರ ಅಕ್ಟೋಬರ್. ಆಗ ಹಣದ ಬೆಲೆಯನ್ನು ನಿಗದಿತ ತೂಕದ ಚಿನ್ನಕ್ಕೆ ಕಟ್ಟಿ, ಕೇಳಿದವರಿಗೆ ಹಣಕ್ಕೆ ಬದಲು ಚಿನ್ನ ಕೊಡುತ್ತಿದ್ದರು. ಸೆಪ್ಟೆಂಬರ್ 21ರಂದು ಬ್ರಿಟನ್ ತನ್ನ ಪೌಂಡನ್ನು ಚಿನ್ನದ ಕಟ್ಟಿನಿಂದ ಬಿಡಿಸಿಕೊಂಡಿತು. ಮುಂದಿನ ಸರದಿ ಡಾಲರಿನದೆಂದು ಹೆದರಿದವರು ಅಮೆರಿಕದಿಂದ ಚಿನ್ನ ಎಳೆದುಕೊಳ್ಳತೊಡಗಿದರು. ಹೆಚ್ಚು ಬಡ್ಡಿ ಸಿಕ್ಕರೆ ಹಣ ಅಮೆರಿಕದಲ್ಲೇ ಉಳಿದೀತೆಂದು, ಚಿನ್ನ ಉಳಿಸಿಕೊಳ್ಳಲು ಫೆಡರಲ್ ರಿಸರ್ವ್ ಬಡ್ಡಿದರವನ್ನು ಶೇ 1.5ರಿಂದ 3.5ಕ್ಕೆ ಒಂದೇ ತಿಂಗಳಲ್ಲಿ ಏರಿಸಿತು. ಬ್ಯಾಂಕುಗಳು ಸಾಯುತ್ತಿದ್ದಾಗ, ಜನರ ಕೈಯಲ್ಲಿ ಕಾಸಿಲ್ಲದಿದ್ದಾಗ! ಆ ಒಂದು ತಿಂಗಳಲ್ಲೇ 522 ಬ್ಯಾಂಕುಗಳು ಮುಚ್ಚಿದವು. ಮರುವರ್ಷ ಆಯವ್ಯಯ ಸರಿದೂಗಿಸಬೇಕೆಂದು ತೆರಿಗೆಯನ್ನೂ ಏರಿಸಿದರು. ಇದು ತಿಳಿದವರು ಲೆಕ್ಕ ಹಾಕಿ, ಜವಾಬ್ದಾರಿಯೆಂದೇ ನಂಬಿ ಮಾಡಿದ ಕೆಲಸ. ಅವರು ಚಿನ್ನವನ್ನು ಕಾದರು, ಜನರನ್ನು ಕಾಯಲಿಲ್ಲ.

ಹೂವರ್ ನಂತರ ರೂಸ್‌ವೆಲ್ಟ್ 1933ರ ಮಾರ್ಚ್ 4ರಂದು ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡಾಗ ಹಲವು ರಾಜ್ಯಗಳಲ್ಲಿ ಬ್ಯಾಂಕುಗಳು ಮುಚ್ಚಿದ್ದವು. 6ನೇ ತಾರೀಕು ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಸಾರಿದರು. 9ಕ್ಕೆ, ತಪಾಸಣೆ ಮಾಡಿ ಗಟ್ಟಿಯಾದ ಬ್ಯಾಂಕುಗಳನ್ನಷ್ಟೇ ಮತ್ತೆ ತೆರೆಯುವ ತುರ್ತು ಕಾಯ್ದೆ. 12ರ ಭಾನುವಾರ ರಾತ್ರಿ ರೇಡಿಯೋದಲ್ಲಿ, ತಪಾಸಣೆಯಾಗಿ ತೆರೆದ ಬ್ಯಾಂಕಿನಲ್ಲಿ ಹಣವಿಡುವುದು ಹಾಸಿಗೆಯಡಿ ಇಡುವುದಕ್ಕಿಂತ ಸುರಕ್ಷಿತ ಎಂದು ಸರಳ ಮಾತಿನಲ್ಲಿ ತಿಳಿಸಿ ಹೇಳಿದರು. ಸೋಮವಾರ ಬಾಗಿಲು ತೆರೆದಾಗ ಜನ ಸಾಲುಗಟ್ಟಿದ್ದು ಹಣ ಕಟ್ಟಲಿಕ್ಕೆ. ಬಚ್ಚಿಟ್ಟಿದ್ದ ನಗದಿನ ಅರ್ಧಕ್ಕಿಂತ ಹೆಚ್ಚು ಭಾಗ ಎರಡು ವಾರದಲ್ಲಿ ಮರಳಿತು. ಮುಂದೆ ಡಾಲರನ್ನು ಹಳೆಯ ಚಿನ್ನದ ಬೆಲೆಯಿಂದ ಬಿಡಿಸಿ, 1934ರಲ್ಲಿ ಔನ್ಸಿಗೆ 20.67 ಡಾಲರ್ ಇದ್ದದ್ದನ್ನು 35ಕ್ಕೆ ನಿಲ್ಲಿಸಿದರು. ಅಷ್ಟೇ ಚಿನ್ನಕ್ಕೆ ಈಗ ಹೆಚ್ಚು ಡಾಲರ್ ಹೊರಡಿಸಬಹುದಾಯಿತು, ಹಣ ಮತ್ತೆ ಹರಿಯಿತು.

ರೂಸ್‌ವೆಲ್ಟರ ಎಲ್ಲ ಕೆಲಸವನ್ನೂ ನಾನು ಹೊಗಳಲಾರೆ. ಜನ ಹಸಿದಿದ್ದಾಗ ಬೆಲೆ ಏರಿಸಲೆಂದು 60 ಲಕ್ಷ ಹಂದಿಮರಿಗಳನ್ನು ಕೊಲ್ಲಿಸಿದರು. ಹತ್ತಿ ಬೆಳೆ ಕಡಿಮೆ ಮಾಡಲು ಕೊಟ್ಟ ಪರಿಹಾರ ದಕ್ಷಿಣದಲ್ಲಿ ಜಮೀನುದಾರರ ಕೈಸೇರಿ, ಪಾಲಿಗೆ ಉಳುತ್ತಿದ್ದ ಅನೇಕರು ಒಕ್ಕಲೆದ್ದರು. ಅವರಲ್ಲಿ ಕಪ್ಪು ಜನರು ಬಹಳ. 1935ರ ಸಾಮಾಜಿಕ ಭದ್ರತಾ ಕಾಯ್ದೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು.

ಯುದ್ಧವೇ ಉದ್ಧಾರ ಮಾಡಿತೆಂಬ ಮಾತಿನಲ್ಲಿ ಸತ್ಯದ ಪಾಲಿದೆ. 1940ರಲ್ಲೂ ನಿರುದ್ಯೋಗ ಶೇ 14ರ ಆಸುಪಾಸಿತ್ತು. ಆದರೆ ಯುದ್ಧದ ಖರ್ಚೂ ಸರ್ಕಾರದ ಖರ್ಚೇ ಅಲ್ಲವೇ? 1937ರಲ್ಲಿ ಏನಾಯಿತೆಂದು ನೋಡಿ. ಚೇತರಿಕೆ ಗಟ್ಟಿಯಾಯಿತೆಂದು ರೂಸ್‌ವೆಲ್ಟ್ ಖರ್ಚು ಕಡಿದರು, ಫೆಡರಲ್ ರಿಸರ್ವ್, ಬ್ಯಾಂಕುಗಳು ಸಾಲ ಕೊಡದೆ ಮೀಸಲಾಗಿ ಇಡಲೇಬೇಕಾದ ನಗದಿನ ಪ್ರಮಾಣವನ್ನು ಹಿಂದಿನ ವರ್ಷದಿಂದ ಹಂತಹಂತವಾಗಿ ಏರಿಸಿ ಇಮ್ಮಡಿಗೊಳಿಸಿತು. ವರ್ಷದೊಳಗೆ ನಿರುದ್ಯೋಗ ಶೇ 14ರಿಂದ 19ಕ್ಕೆ ಜಿಗಿಯಿತು. ಸರ್ಕಾರ ಕೈ ಹಿಂತೆಗೆದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ಕಂಡಿಲ್ಲ.

ಇನ್ನು ನಿಮ್ಮ ಠೇವಣಿಯ ವಿಷಯ. 1933ರ ಕಾಯ್ದೆಯಂತೆ ಅಮೆರಿಕದಲ್ಲಿ ಠೇವಣಿ ವಿಮೆ, ಅಂದರೆ ಬ್ಯಾಂಕು ಮುಳುಗಿದರೂ ಠೇವಣಿದಾರರಿಗೆ ಒಂದು ಮಿತಿಯವರೆಗೆ ಹಣ ಕೊಡುವ ವ್ಯವಸ್ಥೆ, ಜಾರಿಗೆ ಬಂದದ್ದು 1934ರ ಜನವರಿ 1ಕ್ಕೆ, ಮೊದಲ ಮಿತಿ 2,500 ಡಾಲರ್. ನಮ್ಮಲ್ಲಿ ಅದು ಬರಲು ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಮುಳುಗಬೇಕಾಯಿತು. 1962ರ ಜನವರಿ 1ರಿಂದ ಜಾರಿ, ಆಗಿನ ಮಿತಿ 1,500 ರೂಪಾಯಿ. 2020ರ ಫೆಬ್ರವರಿಯಲ್ಲಿ ಅದು 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ನಿಮ್ಮ ಹೆಸರಲ್ಲಿರುವ ಉಳಿತಾಯ, ನಿಶ್ಚಿತ ಠೇವಣಿ, ಬಡ್ಡಿ ಎಲ್ಲ ಸೇರಿ ಈ 5 ಲಕ್ಷ. ರಿಸರ್ವ್ ಬ್ಯಾಂಕಿನ ಪರವಾನಗಿಯಿರುವ ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ. ಆದರೆ ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಪತ್ತಿನ ಸಹಕಾರಿಗಳಿಗೂ ಈ ವಿಮೆ ಇಲ್ಲ. ಅಲ್ಲಿಟ್ಟ ನಿಮ್ಮ ಹಣ ಎಷ್ಟು, ಅವಧಿ ಯಾವಾಗ ಮುಗಿಯುತ್ತದೆ ಎಂದು ಈ ವಾರವೇ ನೋಡಿಕೊಳ್ಳಿ. ನವೀಕರಿಸುವ ಮುನ್ನ ಸಂಘದ ಲೆಕ್ಕಪರಿಶೋಧನಾ ವರದಿ ಕೇಳಿ ಓದಿ.

— ಸಂಪಾದಕ